ತಾಯಿಬೆಕ್ಕಿನ ಹಲ್ಲು

ಶೆಪೆನ್‌ಗೆ ಹುಬ್ಬು ಇರಲಿಲ್ಲ. ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಮೂರ್ನಾಲ್ಕು ತಿಂಗಳಿಗೆ ಹುಬ್ಬು ಬೆಳೆಯುತ್ತದೆ, ಅಷ್ಟರಲ್ಲಿ ದುಃಖವೂ ತಣ್ಣಗಾಗುತ್ತದೆ. ಆದರೆ ಶೆಪೆನ್ ಬೆಕ್ಕಿನ ಮೊಗದ ಬಸ್ತೆತ್ ದೇವಿಯ ಗುಡಿಯಲ್ಲಿ ಬೆಕ್ಕಿನ ಮನೆ ನೋಡಿಕೊಳ್ಳುವವಳು. ಅಲ್ಲಿ ನಲವತ್ತಕ್ಕೆ ಕಡಿಮೆ ಬೆಕ್ಕು ಎಂದೂ ಇರಲಿಲ್ಲ. ಒಂದರ ಸೂತಕ ಕಳೆಯುವುದರೊಳಗೆ ಇನ್ನೊಂದು. ಹದಿನಾಲ್ಕನೇ ವಯಸ್ಸಿಗೆ ಬೋಳಿಸಿದ ಹುಬ್ಬು ಅರವತ್ತಕ್ಕೂ ಬೆಳೆಯಲಿಲ್ಲ.

"ಶೆಪೆನವ್ವನ ಮುಖ ನೋಡಿದ್ರೆ ಸಿಟ್ಟಾಗಿದ್ದಾಳೋ ನಗ್ತಿದ್ದಾಳೋ ತಿಳಿಯೋದೇ ಇಲ್ಲ ಕಣೆ" ಎಂದು ನೀರಿಗೆ ಬಂದ ಹೆಂಗಸರು ಆಡಿಕೊಳ್ಳುತ್ತಿದ್ದರು.

"ನನಗೇ ತಿಳಿಯಲ್ಲ, ನಿಮಗೆಲ್ಲಿ ತಿಳೀತದೆ" ಎಂದು ಅವಳು ಕೊಡ ತುಂಬಿಕೊಂಡು ಹೋಗುತ್ತಿದ್ದಳು.

ಈ ಕೆಲಸ ಅವಳಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ, ಬಿಸಿಲು ಇಳಿದ ಮೇಲೆ ಹೊಳೆಯ ಹಸಿ ಮೀನು. ಮೀನನ್ನು ಹೆಬ್ಬೆರಳಿನಗಲಕ್ಕೆ ಕತ್ತರಿಸಬೇಕು, ಹಲ್ಲು ಬಿದ್ದ ಬೆಕ್ಕುಗಳಿಗೆ ಅದರ ಅರ್ಧ. ಬೆಕ್ಕುಗಳನ್ನು ಹೆಸರು ಹಿಡಿದು ಕರೆಯುವಂತಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಬಿಡಿಸಿ ಟಕ್ ಟಕ್ ಎಂದು ಎರಡು ಸಲ ಬೇಗ, ಆಮೇಲೆ ಒಂದು ಉಸಿರು ತಡೆದು ಇನ್ನೊಂದು ಟಕ್. ಆ ತಡೆಯುವುದು ಬಾರದಿದ್ದರೆ ಒಂದು ಬೆಕ್ಕೂ ತಲೆ ಎತ್ತುವುದಿಲ್ಲ.

ಅವಳ ಗಂಡ ಅಗಸ. ಒಂದು ವರ್ಷ ಹೊಳೆ ಏರಿದಾಗ ಬಟ್ಟೆ ಒಗೆಯುತ್ತಿದ್ದವನನ್ನು ಮೊಸಳೆ ಎಳೆದುಕೊಂಡು ಹೋಯಿತು. ಬಟ್ಟೆಯ ಗಂಟು ದಡದಲ್ಲೇ ಉಳಿದಿತ್ತು. ಅದನ್ನು ಒಗೆದು, ಒಣಗಿಸಿ, ಮಡಿಸಿ, ಯಾರ ಯಾರ ಮನೆಯದೋ ಅವರವರಿಗೆ ಮುಟ್ಟಿಸಿದ ಮೇಲೆಯೇ ಅವಳು ಕೂತು ಅತ್ತದ್ದು. ಗಂಡುಮಕ್ಕಳಿಬ್ಬರೂ ತಂದೆಯ ಕಸುಬು ಹಿಡಿದರು. ಹೆಣ್ಣು ಹುಟ್ಟಲಿಲ್ಲ. ತನ್ನ ನಂತರ ಬೆಕ್ಕುಗಳನ್ನು ಕರೆಯುವವರು ಯಾರು ಎಂಬ ಚಿಂತೆ ಮಾತ್ರ ಅವಳ ಬೆನ್ನು ಬಿಡಲಿಲ್ಲ.

ಹೀಗಿರುವಾಗ ಜೇನಿನವರ ಮಗುವೊಂದು ಬಂತು.

ಮಗುವಿಗೆ ಕಾಯಿಲೆಯಾದರೆ ತಾಯಿತಂದೆ ದೇವಿಗೆ ಹರಕೆ ಹೊರುತ್ತಾರೆ. ವಾಸಿಯಾದ ಮೇಲೆ ಮಗುವಿನ ತಲೆ ಬೋಳಿಸಿ, ಕೂದಲನ್ನು ತಕ್ಕಡಿಯಲ್ಲಿಟ್ಟು, ಅದರ ತೂಕದ ಬೆಳ್ಳಿಯನ್ನು ಬೆಕ್ಕಿನ ಮನೆಗೆ ಮೀನಿಗಾಗಿ ಕೊಡುತ್ತಾರೆ. ಮಗು ತನ್ನ ಕೈಯಾರೆ ಬೆಕ್ಕುಗಳಿಗೆ ಉಣ್ಣಿಸಬೇಕು. ಅಲ್ಲಿಗೆ ಹರಕೆ ತೀರಿತು. ಹೀಗೆ ಬಂದ ಬೋಳುತಲೆಯ ಮಕ್ಕಳನ್ನು ಶೆಪೆನ್ ಸಾವಿರ ನೋಡಿದ್ದಳು. ಒಂದು ಸಲ ಬಂದ ಮಗು ಮತ್ತೆ ಬರುತ್ತಿರಲಿಲ್ಲ. ಈ ಮಗು ಮೂರು ಸಲ ಬಂತು.

ಮಗುವಿನ ಹೆಸರು ತಾಮಿ. ತಾಯಿ ಇರ್ತೂರು, ತಂದೆ ಅಂಖಾಪಿ. ಅವರ ಮನೆಯೆಂದರೆ ದೋಣಿ. ಮಣ್ಣಿನ ಕೊಳವೆಗಳಲ್ಲಿ ಜೇನು ಕೂರಿಸಿಕೊಂಡು, ಎಲ್ಲಿ ಹೂವೋ ಅಲ್ಲಿಗೆ ಹೊಳೆಯ ಮೇಲೆ ಸಾಗುವವರು. ಹೊಳೆ ಉಕ್ಕಿದ ತಿಂಗಳುಗಳಲ್ಲಿ ಮಾತ್ರ ಇರ್ತೂರುವಿನ ಅಣ್ಣನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಅಣ್ಣನದು ಕಾಳು ತುಂಬಿಡುವ ಕಣಜದ ಮನೆ. ಅಲ್ಲೇ ಮೂರು ವರ್ಷದ ಮಗುವಿಗೆ ಮೊದಲ ಸಲ ಉಸಿರು ಕಟ್ಟಿತು. ಎದೆಯೊಳಗೆ ಯಾರೋ ಕೊಳಲು ಊದಿದ ಹಾಗೆ. ಇರ್ತೂರು ಹರಕೆ ಹೊತ್ತಳು. ನೀರು ಇಳಿದು ದೋಣಿ ಹೊರಟಿತು, ಹತ್ತು ದಿನದಲ್ಲಿ ಮಗು ನೆಟ್ಟಗಾಯಿತು. ದೇವಿ ಕೈಬಿಡಲಿಲ್ಲ ಎಂದು ಹರಕೆ ತೀರಿಸಲು ಬಂದರು.

ತಾಮಿ ಮೀನು ತಿನ್ನಿಸಿದಳು. ಬೆಕ್ಕುಗಳು ಮೈಗೆ ಮೈ ಉಜ್ಜಿದವು. ನೆರಳು ಉದ್ದವಾಗುವುದರೊಳಗೆ ಮಗುವಿನ ಕಣ್ಣು ಊದಿ ಗೆರೆಯಷ್ಟಾಯಿತು, ಎದೆ ಸಿಳ್ಳೆ ಹಾಕತೊಡಗಿತು.

ಹರಕೆಯ ಲೆಕ್ಕ ನೋಡುತ್ತಿದ್ದ ಪೂಜಾರಿ ಪೆದುಬಾಸ್ ಕೆಟ್ಟವನಲ್ಲ, ಆದರೆ ಅವಸರದ ಮನುಷ್ಯ. "ದೇವಿಗೆ ಈ ಮಗು ಮೇಲೆ ಕಣ್ಣಿದೆ. ಕೊಟ್ಟಿದ್ದು ಸಾಲಲಿಲ್ಲ. ಶೆಪೆನವ್ವಾ, ಒಂದು ರಕ್ಷೆ ಕಟ್ಟು" ಎಂದ.

ಶೆಪೆನ್ ಗುಡಿಯ ದೊಡ್ಡ ಬೆಕ್ಕಿನ ಕೂದಲು ಬಾಚಿ, ನಾರುಬಟ್ಟೆಯ ಎಳೆಯಲ್ಲಿ ಹೊಸೆದು, ಏಳು ಗಂಟು ಹಾಕಿ ಮಗುವಿನ ಕೊರಳಿಗೆ ಕಟ್ಟಿದಳು. ಅವಳು ಹಾಕಿದ ಗಂಟು ಬಿಚ್ಚಿತು ಎಂದು ಯಾರೂ ಎಂದೂ ಹೇಳಿದ್ದಿಲ್ಲ.

ಎರಡು ವರ್ಷ ಬಿಟ್ಟು ಅವರು ಮತ್ತೆ ಬಂದರು. ರಕ್ಷೆ ಕೊರಳಲ್ಲೇ ಇತ್ತು, ಸಿಳ್ಳೆ ಎದೆಯಲ್ಲೇ ಇತ್ತು. ಈ ಸಲ ಬೆಳ್ಳಿ ಎರಡರಷ್ಟು. ಸಂಜೆಗೆ ಮಗು ಮೊದಲಿಗಿಂತ ಹೆಚ್ಚು ಒದ್ದಾಡಿತು. ಶೆಪೆನ್ ಹಳೆಯ ರಕ್ಷೆ ತೆಗೆದು, ಇನ್ನೂ ದಪ್ಪನಾದ ಹೊಸದೊಂದು ಕಟ್ಟಿ ಕಳಿಸಿದಳು.

ಮೂರನೇ ಸಲ ಬರುವ ಮೊದಲೇ ಸುದ್ದಿ ಬಂತು. ಪೆದುಬಾಸ್ ತಾನೇ ಬೆಕ್ಕಿನ ಮನೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ, ಅವನ ಬಟ್ಟೆ ಬೆಳ್ಳಗಿತ್ತು.

"ಶೆಪೆನವ್ವಾ, ಬಾಯಿ ಸಿಹಿ ಮಾಡ್ಕೋ. ನಿನಗೆ ಮಗಳು ಬರ್ತಿದ್ದಾಳೆ."

"ಈ ವಯಸ್ಸಿಗಾ ಸ್ವಾಮಿ? ಊರೋರು ಏನಂತಾರೆ!"

"ತಮಾಷೆ ಬೇಡ. ಆ ಜೇನಿನವರ ಹುಡುಗಿ ಇದ್ದಳಲ್ಲ, ಮೊನ್ನೆ ಹೊಳೆ ಏರಿದಾಗ ಸತ್ತೇ ಹೋಗ್ತಿದ್ದಳಂತೆ. ತಾಯಿ ಮಗುವನ್ನೇ ಹರಕೆ ಹೊತ್ತಿದ್ದಾಳೆ. ಇನ್ನು ಅದು ದೇವಿಯ ಆಳು. ಇಲ್ಲೇ ಇರ್ತದೆ, ನಿನ್ನ ಕೈಕೆಳಗೆ. ನಿನ್ನ ನಂತರ ಅವಳೇ."

ಶೆಪೆನ್ ಆ ದಿನ ಮೀನನ್ನು ಎರಡು ಬೆರಳಗಲಕ್ಕೆ ಕತ್ತರಿಸಿಬಿಟ್ಟಳು. ಮಾರನೆಯ ದಿನ ಒಂದು ಚಿಕ್ಕ ಚಾಪೆ ಹೆಣೆಸಿದಳು. ತನ್ನ ತಾಯಿಯ ಹಳೆಯ ಚೂರಿಗೆ ಹುಡುಗಿಯ ಕೈಗೆ ತಕ್ಕ ಹಿಡಿ ಹಾಕಿಸಿದಳು. ಎರಡನ್ನೂ ಗೋಡೆಯ ಪಕ್ಕ ಇಟ್ಟು, ಹೋಗುತ್ತ ಬರುತ್ತ ನೋಡಿದಳು.

ದೋಣಿ ಬಂದ ದಿನ ಅವಳೇ ಕಾಲುವೆಯ ಮೆಟ್ಟಿಲಿಗೆ ಹೋದಳು. ಏಳು ವರ್ಷದ ತಾಮಿ ದೋಣಿ ನಿಲ್ಲುವ ಮೊದಲೇ ಹಾರಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲೆ ಬಂದು ನಿಂತಳು. ಉಸಿರು ಸಲೀಸಾಗಿತ್ತು. ಶೆಪೆನ್ ಅದನ್ನು ಗಮನಿಸಿದಳು.

"ಅಜ್ಜಿ, ನಿನಗ್ಯಾಕೆ ಹುಬ್ಬಿಲ್ಲ?"

"ಬೆಕ್ಕು ತಿಂದ್ಕೊಂಡ್ವು."

"ಸುಳ್ಳು!"

"ಸುಳ್ಳೇ. ಬಾ ಇಲ್ಲಿ, ಒಂದು ನಿಜ ಕಲಿಸ್ತೀನಿ. ನಾಲಿಗೆ ಮೇಲೆ ಹಚ್ಚು. ಹಾಂ, ಹಾಗೆ. ಎರಡು ಬೇಗ, ಒಂದು ತಡೆದು."

ತಾಮಿ ಟಕ್ ಟಕ್ ಎಂದಳು, ತಡೆದಳು, ಟಕ್ ಎಂದಳು. ಗೋಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಕಂದು ಬೆಕ್ಕು ಕಣ್ಣು ಬಿಟ್ಟು ಇತ್ತ ತಿರುಗಿತು. ಶೆಪೆನ್ ಅದನ್ನು ಕಲಿಯಲು ಒಂದು ಬೇಸಿಗೆ ತೆಗೆದುಕೊಂಡಿದ್ದಳು. ಹುಬ್ಬಿಲ್ಲದ್ದು ಆಗ ಒಳ್ಳೆಯದೇ ಆಯಿತು, ಅವಳ ಮುಖದ ಹಿಗ್ಗು ಯಾರಿಗೂ ಕಾಣಲಿಲ್ಲ.

ಮಧ್ಯಾಹ್ನ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದರು. ಮೊದಲು ಸೀನು ಬಂತು. ಸೀನಿ ಸೀನಿ ನಕ್ಕಳು. ಆಮೇಲೆ ಕಣ್ಣು ಉಜ್ಜಿಕೊಂಡಳು. ಮೀನು ಹಾಕುವ ಹೊತ್ತಿಗೆ ನಗು ನಿಂತು, ಎರಡೂ ಕೈ ನೆಲಕ್ಕೆ ಊರಿ, ಭುಜ ಎತ್ತಿ ಎತ್ತಿ ಗಾಳಿ ಹುಡುಕತೊಡಗಿದಳು. ವೈದ್ಯನನ್ನು ಕರೆಸಿದರು. ಅವನು ಕಲ್ಲು ಕಾಯಿಸಿ, ಅದರ ಮೇಲೆ ಮೂಲಿಕೆ ಹಾಕಿ, ತಳ ತೂತಾದ ಮಡಕೆ ಕವಿಚಿ, ಜೊಂಡಿನ ಕೊಳವೆಯಿಂದ ಹೊಗೆ ಎಳೆಸಿದ. ಹಲ್ಲಿಲ್ಲದ ಮುದಿ ಬೆಕ್ಕೊಂದು ಬಂದು ಹುಡುಗಿಯ ಎದೆಗೊತ್ತಿ ಮಲಗಿತು. ಇರ್ತೂರು ಕೈ ಮುಗಿದಳು. ಬಾಗಿಲಾಚೆ ನಿಂತಿದ್ದ ಪೆದುಬಾಸ್, "ನೋಡಿ, ದೇವಿಯೇ ಬಂದು ಕೂತಳು. ಯಾರೂ ಎಬ್ಬಿಸಬೇಡಿ" ಎಂದು ಹೋದ.

ಶೆಪೆನ್ ನೋಡಿದಳು. ಹುಡುಗಿಯ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ಬೆಕ್ಕನ್ನು ಎತ್ತಿ ಇರ್ತೂರುವಿನ ಮಡಿಲಿಗೆ ಹಾಕಿ, ಹುಡುಗಿಯನ್ನು ಎತ್ತಿಕೊಂಡಳು.

"ಎಲ್ಲಿಗೆ ಅಜ್ಜಿ?" ಇರ್ತೂರು ಏಳಹೋದಳು. "ಎಬ್ಬಿಸಬೇಡಿ ಅಂದ್ರಲ್ಲ!"

"ಬೆಕ್ಕನ್ನ ಎಬ್ಬಿಸಬೇಡಿ ಅಂದ್ರು. ಅದು ನಿನ್ನ ಮಡಿಲಲ್ಲಿ ನಿದ್ದೆ ಮಾಡ್ತಾ ಇದೆ ನೋಡು. ನಾನು ಮಗೂನ ಎತ್ಕೊಂಡೆ."

ಅರವತ್ತರ ಹೆಂಗಸು ಏಳರ ಹುಡುಗಿಯನ್ನು ಹೊತ್ತು ಇಪ್ಪತ್ತೆರಡು ಮೆಟ್ಟಿಲು ಇಳಿದು ದೋಣಿಯಲ್ಲಿ ಮಲಗಿಸಿದಳು. ಮೈ ಒರೆಸಿ, ಬೇರೆ ಬಟ್ಟೆ ಉಡಿಸಿ, ತಲೆ ಎತ್ತರಕ್ಕಿಟ್ಟಳು. ಕಾಲುವೆಯ ಮೇಲೆ ಗಾಳಿ ಬೀಸುತ್ತಿತ್ತು. ಬೆಳಗಾಗುವಷ್ಟರಲ್ಲಿ ಸಿಳ್ಳೆ ಸಣ್ಣದಾಗಿ, ಹುಡುಗಿ ಬಾಯಿ ತೆರೆದು ಮಲಗಿದ್ದಳು.

ಬೆಳಿಗ್ಗೆ ಶೆಪೆನ್ ಬೆಕ್ಕುಗಳಿಗೆ ರೊಟ್ಟಿ ಹಾಕಿ, ಕೈ ತೊಳೆದು, ಮತ್ತೆ ದೋಣಿಗೆ ಬಂದು ಗಂಡಹೆಂಡಿರ ಎದುರು ಕೂತಳು.

"ನಾನು ಕೇಳಿದ್ದಕ್ಕೆ ಮಾತ್ರ ಹೇಳಿ. ಅಳಬೇಡಿ. ನಾನು ಕಟ್ಟಿದ ಎರಡನೇ ರಕ್ಷೆ ಎಲ್ಲಿ?"

ಇರ್ತೂರು ತಲೆ ತಗ್ಗಿಸಿದಳು. "ನೀರಿಗೆ ಬಿದ್ದು ಹೋಯ್ತು ಅಜ್ಜಿ. ಅದಕ್ಕೇ ಇಷ್ಟೆಲ್ಲ ಆಗಿದ್ದು. ನನ್ನ ತಪ್ಪು."

"ಯಾವಾಗ ಬಿತ್ತು?"

"ಇಲ್ಲಿಂದ ಹೋದ ಎರಡೇ ತಿಂಗಳಿಗೆ."

"ಬಿದ್ದ ಮೇಲೆ ಮಗು ಹೇಗಿದ್ದಳು?"

ಇರ್ತೂರು ಗಂಡನ ಮುಖ ನೋಡಿದಳು. ಅಂಖಾಪಿ ಹೇಳಿದ: "ಚೆನ್ನಾಗೇ ಇದ್ದಳು. ಆ ವರ್ಷ ನೀರು ಏರಿದಾಗಲೂ ಇವಳಣ್ಣನ ಮನೆಗೆ ಹೋಗಲಿಲ್ಲ, ದೋಣಿಯಲ್ಲೇ ಇದ್ವಿ. ಒಂದು ಸೀನೂ ಇಲ್ಲ. ಈ ವರ್ಷ ಅಲ್ಲಿಗೆ ಹೋದ್ವಿ, ಮೂರನೇ ದಿನಕ್ಕೆ ಹಿಂಗಾಯ್ತು."

"ನಿಮ್ಮಣ್ಣನ ಮನೆಯಲ್ಲಿ ಬೆಕ್ಕೆಷ್ಟು?"

"ಕಣಜ ಅಲ್ವಾ ಅಜ್ಜಿ, ಇಲಿ ಕಾಟ. ಹತ್ತು ಹನ್ನೆರಡು."

"ದೋಣಿಯಲ್ಲಿ?"

"ಜೇನಿರೋ ಕಡೆ ಬೆಕ್ಕು ನಿಲ್ಲಲ್ಲ."

ಶೆಪೆನ್ ತನ್ನ ಕೈಗಳನ್ನು ನೋಡಿಕೊಂಡಳು. ಎರಡು ವರ್ಷ ಆ ಕೂಸಿನ ಕೊರಳಿಗೆ ಸಿಳ್ಳೆಯನ್ನು ಕಟ್ಟಿಟ್ಟದ್ದು ಈ ಕೈ. ಬಿಚ್ಚದ ಏಳು ಗಂಟು ಹಾಕಿ. ಆದರೂ ಅವಳಿಗೆ ಒಂದು ಮಾತು ಅರಗಲಿಲ್ಲ. ಅಂಖಾಪಿಯತ್ತ ತಿರುಗಿ ಕೇಳಿದಳು: "ಬೆಕ್ಕು ದೇವಿಯ ಮೈ. ದೇವಿಗೆ ಈ ಕೂಸಿನ ಮೇಲೆ ಏನು ಹಗೆ?"

ಅಂಖಾಪಿ ತೋಳ ಮೇಲೆ ಕೂತಿದ್ದ ಜೇನುಹುಳವೊಂದನ್ನು ಮೆಲ್ಲಗೆ ಊದಿ ಹಾರಿಸಿದ. "ಜೇನುಹುಳ ನಮ್ಮ ಸೂರ್ಯ ರಾ ದೇವರ ಕಣ್ಣೀರು ಅಂತಾರೆ. ನನಗೆ ನೂರು ಕಚ್ಚಿದ್ರೂ ಸಾಸಿವೆಯಷ್ಟು ಊತ ಬರಲ್ಲ. ನನ್ನ ತಮ್ಮನಿಗೆ ಒಂದು ಕಚ್ಚಿದ್ರೆ ಸಾಕು, ಮುಖ ಬುಟ್ಟಿ ಆಗಿ ನಾಲಿಗೆ ಹೊರಗೆ ಬರ್ತಿತ್ತು. ರಾ ದೇವರಿಗೆ ಅವನ ಮೇಲೆ ಹಗೆ ಅಂತ ನಮ್ಮಪ್ಪ ಅನ್ಲಿಲ್ಲ. ಇವನಿಗೆ ಇದು ಒಗ್ಗಲ್ಲ ಅಂದ, ಕುಂಬಾರರ ಹತ್ರ ಬಿಟ್ಟು ಬಂದ. ಈಗ ಗುಂಡುಕಲ್ಲು ಇದ್ದ ಹಾಗಿದ್ದಾನೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲವಯ್ಯ?"

"ಅದು ಹುಳ ಅಜ್ಜಿ. ಇದು ದೇವಿ. ಹರಕೆ ಹೊತ್ತಾಗಿದೆ. ಈಗ ಮಗೂನ ವಾಪಸ್ ಕರ್ಕೊಂಡು ಹೋದ್ರೆ ದೇವಿ ಬಿಡ್ತಾಳಾ?"

ಅದೇ ಗಂಟು. ಕೊಟ್ಟರೆ ಕೂಸು ಸಾಯುತ್ತದೆ, ಕೊಡದಿದ್ದರೆ ಮಾತು ಸಾಯುತ್ತದೆ. ಶೆಪೆನ್ ಮೇಲೆ ಬಂದಳು. ಗೋಡೆಯ ಪಕ್ಕ ಚಿಕ್ಕ ಚಾಪೆ ಇತ್ತು, ಚೂರಿ ಇತ್ತು. ಇನ್ನೊಂದು ಮಾತು ಅವಳ ಮನಸ್ಸಿನಲ್ಲಿ ಸುಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಟ್ಟುಕೊಂಡು ನೋಡಿದರೆ? ದಿನ ಕಳೆದಂತೆ ಒಗ್ಗಿದರೆ? ಎರಡು ಬೇಗ, ಒಂದು ತಡೆದು ಎನ್ನುವುದನ್ನು ಒಂದೇ ಸಲಕ್ಕೆ ಕಲಿತ ಹುಡುಗಿ ಇನ್ನೊಬ್ಬಳು ಸಿಗುತ್ತಾಳೆಯೇ?

ಹೀಗೆ ಕೂತಿದ್ದಾಗ ಕಂದು ಬೆಕ್ಕು ಮೂಲೆಯ ಬುಟ್ಟಿಯಿಂದ ಒಂದು ಮರಿಯನ್ನು ಕಚ್ಚಿಕೊಂಡು ಹೊರಟಿತು. ಈದು ಒಂಬತ್ತು ದಿನವಾಗಿತ್ತು. ಮರಿಗಳನ್ನು ಏಳು ಮನೆ ಸುತ್ತಿಸದೆ ಯಾವ ಬೆಕ್ಕು ಬಿಟ್ಟೀತು! ಮರಿ ಕೀ ಎಂದು ಕಿರುಚುತ್ತಿತ್ತು, ಕಾಲು ಮುದುರಿ, ಬಾಯಿ ತೆರೆದು, ಉಸಿರು ನಿಂತವರ ಹಾಗೆ. ಕಂದು ಬೆಕ್ಕು ಅಂಗಳ ದಾಟಿ ಕಟ್ಟಿಗೆಯ ರಾಶಿಯ ಹಿಂದೆ ಅದನ್ನಿಟ್ಟು ಇನ್ನೊಂದಕ್ಕೆ ಬಂತು. ಶೆಪೆನ್ ಇದನ್ನು ನಲವತ್ತಾರು ವರ್ಷ ನೋಡಿದ್ದಳು. ಆ ದಿನ ಮೊದಲ ಸಲ ನೋಡಿದವಳಂತೆ ಎದ್ದು ಹೋಗಿ, ಮರಿಯನ್ನು ಅಂಗೈ ಮೇಲಿಟ್ಟು ಕತ್ತಿನ ಹಿಂದೆ ಕೂದಲು ಬಿಡಿಸಿ ಬಿಡಿಸಿ ನೋಡಿದಳು. ಎಂಜಲು ಇತ್ತು. ಗಾಯ ಇರಲಿಲ್ಲ.

ಮರಿಯನ್ನು ಹಾಗೆಯೇ ಅಂಗೈಯಲ್ಲಿ ಹಿಡಿದು ಅವಳು ಪೆದುಬಾಸ್‌ನ ಹತ್ತಿರ ಹೋದಳು.

"ಸ್ವಾಮಿ, ಜೇನಿನವರ ಹುಡುಗಿ ಇಲ್ಲಿರೋದು ದೇವಿಗೆ ಬೇಡ."

ಪೆದುಬಾಸ್ ಬರೆಯುತ್ತಿದ್ದ ಲೆಕ್ಕಣಿಕೆ ಕೆಳಗಿಟ್ಟ. "ದೇವಿ ನಿನ್ನ ಕಿವೀಲಿ ಹೇಳಿದಳಾ?"

"ಕಿವೀಲಿ ಹೇಳಲಿಲ್ಲ, ಕಣ್ಣಿಗೆ ತೋರಿಸಿದಳು. ತಾಯಿಬೆಕ್ಕು ಮರೀನ ಕಚ್ಚಿ ಎತ್ತಿದಾಗ ಮರಿ ಏನು ಮಾಡ್ತದೆ?"

"ಕಿರುಚ್ತದೆ."

"ಉಸಿರು ಬಿಗಿ ಹಿಡೀತದೆ. ಕಾಲು ಮುದುರ್ತದೆ. ನೋಡಿದವರು ಕೊಂದೇ ಹಾಕ್ತು ಅಂತಾರೆ. ಅದು ಮಾಡ್ತಿರೋದೇನು? ಈ ಜಾಗ ನಿನಗೆ ಸರಿಯಿಲ್ಲ, ಬಾ, ಬೇರೆ ಕಡೆ ಇಡ್ತೀನಿ ಅಂತ ಒಯ್ತಾ ಇರ್ತದೆ. ನಾವೇನು ಮಾಡಿದ್ವಿ? ತಾಯಿ ಒಯ್ದು ಇಟ್ಟ ಮರೀನ ಮೂರು ಸಲ ತಂದು ಅದೇ ಬುಟ್ಟಿಗೆ ಹಾಕಿದ್ವಿ. ಅವಳು ಮೂರು ಸಲ ಕಚ್ಚಿ ಎತ್ತಿದಳು. ಪ್ರತಿ ಸಲಾನೂ ಹಲ್ಲು ಜೋರಾಗಿ ಒತ್ತಿತು."

ಪೆದುಬಾಸ್ ಮರಿಯನ್ನು ನೋಡಿದ. "ಕೋಪ ಅಂತ ನಾನೂ ಹೇಳಲಿಲ್ಲವಲ್ಲ. ಕಣ್ಣಿದೆ ಅಂದೆ."

"ಕಣ್ಣಿರೋದು ನಿಜ. ಎಲ್ಲಿಡಬೇಕು ಅನ್ನೋದು ತಪ್ಪಿದ್ದು. ನೀವು ತಪ್ಪಿದ್ರಿ, ನಾನು ಏಳು ಗಂಟು ಹಾಕಿ ತಪ್ಪಿದೆ."

"ಹರಕೆ ಬಾಯಿಂದ ಬಿದ್ದ ಮೇಲೆ ಅದು ದೇವಿಯ ಸೊತ್ತು, ಶೆಪೆನವ್ವಾ. ವಾಪಸ್ ಕೊಡೋಕೆ ನೀನ್ಯಾರು, ನಾನ್ಯಾರು?"

"ವಾಪಸ್ ಕೊಡಿ ಅಂದೆನಾ? ಅವಳು ದೇವಿಯ ಆಳೇ. ಕಟ್ಟಿಗೆ ಹಿಂದೆ ಇಟ್ಟ ಮರಿ ಬೆಕ್ಕಿಂದಲ್ವಾ? ದೇವಿ ಅವಳನ್ನ ನೀರಿನ ಮೇಲೆ ಇಟ್ಟಿದ್ದಾಳೆ. ಅಲ್ಲೇ ಇರಲಿ ಅಂತ ಬರೀರಿ."

"ನಿನ್ನ ಮಾತು ತಪ್ಪಾಗಿದ್ರೆ? ನಾಳೆ ಆ ಲೋಕದಲ್ಲಿ ನಿನ್ನ ಹೃದಯ ನ್ಯಾಯದ ತಕ್ಕಡಿಗೆ ಬಿದ್ದಾಗ, ದೇವಿಯ ಹೆಸರು ಹೇಳಿ ದೇವಿಯ ಸೊತ್ತು ಕೊಟ್ಟುಬಿಟ್ಟೆ ಅಂದ್ರೆ?"

ಶೆಪೆನ್ ಇದನ್ನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. "ತೂಗಲಿ ಸ್ವಾಮಿ. ಆ ಹುಡುಗಿ ನನಗೆ ಬೇಕಿತ್ತು. ಬೇಡ ಅಂತ ಬಿಡ್ತಾ ಇದೀನಿ. ಅದನ್ನೂ ಒಂದು ಪಕ್ಕ ಇಟ್ಟೇ ತೂಗಲಿ."

ಅವನು ಮರಿಯನ್ನು ಕೈಗೆ ತೆಗೆದುಕೊಂಡು ಹೊಟ್ಟೆ ಸವರಿದ. ಮರಿ ಅವನ ಬೆಳ್ಳನೆಯ ಬಟ್ಟೆಯ ಮೇಲೆ ಮೂತ್ರ ಮಾಡಿತು. ಪೆದುಬಾಸ್ ಅದನ್ನು ನೋಡಿ, ಶೆಪೆನ್‌ಳನ್ನು ನೋಡಿ, ಲೆಕ್ಕಣಿಕೆ ಎತ್ತಿಕೊಂಡ. "ದೇವಿಯ ಒಪ್ಪಿಗೆ ಬಿತ್ತು" ಎಂದ. ಅವನು ತಮಾಷೆ ಮಾಡಿದ್ದನ್ನು ಶೆಪೆನ್ ಕೇಳಿದ್ದು ಅದೊಂದೇ ಸಲ. ತಾಮಿ, ದೇವಿಯ ಆಳು, ನೀರಿನ ಮೇಲೆ ಇಡಲ್ಪಟ್ಟವಳು, ವರ್ಷಕ್ಕೊಂದು ಮಡಕೆ ಜೇನು ಬೆಕ್ಕಿನ ಮನೆಯ ಹಾಲುರೊಟ್ಟಿಗೆ, ಎಂದು ಬರೆದ.

ದೋಣಿ ಹೊರಡುವಾಗ ಶೆಪೆನ್ ಮಿಂದು, ಒಗೆದ ಬಟ್ಟೆ ಉಟ್ಟು ಮೆಟ್ಟಿಲಿಗೆ ಬಂದಳು. ಆದರೂ ಹುಡುಗಿಯನ್ನು ಮುಟ್ಟಲಿಲ್ಲ, ಐದು ಮೆಟ್ಟಿಲು ಮೇಲೆಯೇ ನಿಂತಳು. ಚೂರಿಯನ್ನು ಅಂಖಾಪಿಯ ಕೈಗೆ ಹಾಕಿದಳು. "ಜೇನುತಟ್ಟೆ ಕೊಯ್ಯೋಕೆ ಆಗ್ತದೆ. ಬಿಸಿನೀರಲ್ಲಿ ತೊಳೆದಿದ್ದೀನಿ."

"ಅಜ್ಜಿ, ನಾನು ಬೆಕ್ಕನ್ನ ಕರೀಬಾರದಾ?" ತಾಮಿ ಕೇಳಿದಳು.

"ಕರಿ. ಬಂದವು ಅಂದ್ರೆ ದೋಣಿ ಬಿಡು."

ವರ್ಷ ವರ್ಷವೂ ನೀರು ಇಳಿದ ಮೇಲೆ ದೋಣಿ ಬರುತ್ತಿತ್ತು. ಅಂಖಾಪಿ ಮಡಕೆಯನ್ನು ಕೊನೆಯ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಕಾಲುವೆಯ ನಡುವಿನಿಂದ ಟಕ್ ಟಕ್, ಆಮೇಲೆ ತಡೆದು ಟಕ್. ಗೋಡೆಯ ಮೇಲಿನ ಬೆಕ್ಕುಗಳು ಒಟ್ಟಿಗೇ ಕಿವಿ ತಿರುಗಿಸುತ್ತಿದ್ದವು. ಶೆಪೆನ್‌ಗೆ ಕಣ್ಣು ಮಂಜಾದ ಮೇಲೆ ದೋಣಿ ಬಂತೆಂದು ತಿಳಿಯುತ್ತಿದ್ದದ್ದು ಅದರಿಂದಲೇ. ಅವಳು ಕೂತಲ್ಲಿಂದಲೇ ಮರುದನಿ ಕೊಡುತ್ತಿದ್ದಳು. ಬೆಕ್ಕಿನ ಮನೆಗೆ ಕೊನೆಗೆ ನೆರೆಯ ನೇಕಾರರ ಹುಡುಗಿ ಬಂದಳು. ಅವಳಿಗೆ ತಡೆಯುವುದು ಕಲಿಯಲು ಎರಡು ಬೇಸಿಗೆ ಹಿಡಿಯಿತು. ಶೆಪೆನ್ ಬೈಯಲಿಲ್ಲ.

ಎಪ್ಪತ್ತೆರಡಕ್ಕೆ ಶೆಪೆನ್ ತೀರಿಕೊಂಡಳು. ಸುದ್ದಿ ಹೊಳೆಗುಂಟ ಜೇನಿನ ದೋಣಿಗೂ ಮುಟ್ಟಿತು. ಮನುಷ್ಯರು ಸತ್ತರೆ ನಮ್ಮಲ್ಲಿ ಹುಬ್ಬು ಬೋಳಿಸುವುದಿಲ್ಲ, ಮಣ್ಣು ಬಳಿದುಕೊಂಡು ಅಳುತ್ತಾರೆ. ಆ ವರ್ಷ ನೀರು ಇಳಿದ ಮೇಲೆ ಬಂದ ದೋಣಿಯಲ್ಲಿ ಜೇನಿನ ಕೊಳವೆಗಳ ನಡುವೆ ಹುಬ್ಬಿಲ್ಲದ ಹತ್ತೊಂಬತ್ತರ ಹೆಂಗಸು ನಿಂತಿದ್ದಳು. ನೀರಿಗೆ ಬಂದವರು ದಡದಿಂದಲೇ ಕೇಳಿದರು: "ಏನೇ ತಾಮಿ, ನಿಮ್ಮ ದೋಣಿಯಲ್ಲಿ ಬೆಕ್ಕೇ ಇಲ್ಲ, ಯಾವ ಬೆಕ್ಕು ಸತ್ತಿತು ಅಂತ ಬೋಳಿಸಿದ್ದೀ?"

"ನನ್ನನ್ನ ಕಚ್ಕೊಂಡು ಬಂದು ಇಲ್ಲಿಟ್ಟಿತ್ತಲ್ಲ, ಅದು" ಎಂದು ಹೇಳಿ ಅವಳು ಮಡಕೆಯನ್ನು ಮೆಟ್ಟಿಲ ಮೇಲಿಟ್ಟಳು.